ಮಾವನವರ ಕಾಲಿನ ಪಟ್ಟಿ

"ಕಾಲು ತೊಳ್ಕೊಂಡು ಒಳಗೆ ಬಾ" ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬೇಲೂರಿನ ನಮ್ಮ ಮನೆಯಲ್ಲಿ ಕಾಲು ತೊಳೆಯುವುದಕ್ಕೆ ಲೆಕ್ಕವೇ ಇರಲಿಲ್ಲ. ಬೀದಿಯಿಂದ ಬಂದರೆ ತೊಳೆ, ಹಿತ್ತಲಿಗೆ ಹೋಗಿ ಬಂದರೆ ತೊಳೆ, ಊಟಕ್ಕೆ ಕೂರುವ ಮುಂಚೆ ತೊಳೆ, ಮಲಗುವ ಮುಂಚೆ ಇನ್ನೊಂದು ಸಲ ತೊಳೆ. ತೊಳೆದ ಕಾಲನ್ನು ಒರೆಸಿಕೊಳ್ಳಬೇಕು ಅಂತ ಮಾತ್ರ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಚ್ಚಲಿನಿಂದ ದೇವರಮನೆಯವರೆಗೆ ಸದಾ ಒದ್ದೆ ಹೆಜ್ಜೆಗಳ ಸಾಲು ಇರುತ್ತಿತ್ತು. ಅದರ ಮೇಲೆ ಜಾರಿ ಬೀಳದೆ ನಡೆಯುವುದನ್ನು ಕಲಿಯುವುದಕ್ಕೇ ನನಗೆ ಮದುವೆಯಾದ ಮೇಲೆ ಸಾಕಷ್ಟು ಸಮಯ ಹಿಡಿಯಿತು.

ನಾನು ಅರಸೀಕೆರೆಯವಳು. ನಮ್ಮಪ್ಪ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರು. ರೈಲು, ಹೊಗೆ, ಇದ್ದಿಲ ಪುಡಿಯ ನಡುವೆ ಬೆಳೆದವಳಿಗೆ ಮಡಿ ಅಂದರೆ ಹಬ್ಬದ ದಿನದ ಮಾತು. ಐವತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಬೇಲೂರಿಗೆ ಬಂದೆ. ಇಲ್ಲಿ ಮಡಿಯೇ ಮನೆಯ ಯಜಮಾನ. ಮಾವನವರದ್ದು ದೇವಸ್ಥಾನದಲ್ಲಿ ದೇವರಿಗೆ ನೀರು ತರುವ ಸೇವೆ. ಅವರ ಅಪ್ಪ, ಅಜ್ಜ ಹೊತ್ತ ಕೊಡವನ್ನೇ ಅವರೂ ಹೊರುತ್ತಿದ್ದರು. ಬೆಳಗಿನ ಜಾವ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮನೆಯಿಂದ ಹೊರಡುವರು. ಬೀದಿ ದಾಟುವಷ್ಟು ದೂರ ಕಾಲಿಗೆ ಹಾವುಗೆ, ಅಂದರೆ ಹೆಬ್ಬೆರಳಿನ ಸಂದಿಗೆ ಗೂಟ ಸಿಕ್ಕಿಸಿಕೊಂಡು ನಡೆಯುವ ಮರದ ಪಾದುಕೆ. ಮರಕ್ಕೆ ಮೈಲಿಗೆಯಿಲ್ಲ, ಚರ್ಮಕ್ಕೆ ಉಂಟು. ಒಳಗೆ ಹೋದಮೇಲೆ ಬರಿಗಾಲು, ಒದ್ದೆ ಕಲ್ಲು. ಸುಗ್ಗಿಯ ಚಳಿಯಾಗಲಿ, ಬೇಸಿಗೆಯ ಬಿಸಿಲಾಗಲಿ, ಆ ಪಾದಗಳು ಒಣಗಿದ್ದನ್ನು ನಾನು ನೋಡಿದ್ದೇ ಇಲ್ಲ.

ಒಂದು ಮಧ್ಯಾಹ್ನ ನೆಲ ಸಾರಿಸಲು ಕೂತವಳಿಗೆ ಅವರ ಒದ್ದೆ ಹೆಜ್ಜೆಗಳಲ್ಲಿ ಒಂದು ಪಾದದ ಗುರುತು ನಸುಗೆಂಪಾಗಿ ಕಂಡಿತು. ಕುಂಕುಮದ ನೀರೇನೋ ಅಂದುಕೊಂಡೆ. ಮಾರನೆಯ ದಿನವೂ ಹಾಗೇ ಇತ್ತು, ಬಲಗಾಲಿನದು ಮಾತ್ರ. ಅತ್ತೆಗೆ ತೋರಿಸಿದೆ. ಅವರು ಒದ್ದೆ ಬಟ್ಟೆ ತಂದು ಹೆಜ್ಜೆಯನ್ನು ಒರೆಸಿಬಿಟ್ಟರು.

"ಅವರಿಗೆ ಹೇಳ್ಬೇಡ ಕಣೇ. ಗೀರು ಅಷ್ಟೆ ಅಂತಾರೆ."

ಹಾಗಾದರೆ ಇವರಿಗೆ ಗೊತ್ತಿತ್ತು. ನನಗೆ ಸಿಟ್ಟು ಬಂತು. ಸಂಜೆ ಮಾವನವರು ಜಗಲಿಯಲ್ಲಿ ಕೂತಿದ್ದಾಗ ನನ್ನ ಕುಂಕುಮದ ಪೆಟ್ಟಿಗೆಯ ಕನ್ನಡಿಯನ್ನು ತಂದು ಪಾದದ ಕೆಳಗೆ ಹಿಡಿದೆ. ಹೆಬ್ಬೆರಳಿನ ಸಂದಿಯಲ್ಲಿ ಬೆಳ್ಳಗೆ ನೆನೆದು ಒಡೆದ ಚರ್ಮ. ಅದರ ನಡುವೆ ಹಾವುಗೆಯ ಗೂಟ ಉಜ್ಜಿ ಉಜ್ಜಿ ಮಾಡಿದ ಗುಳಿ. ಸುತ್ತಲೂ ಕೀವು. ನನ್ನ ಕಿರುಬೆರಳಿನ ತುದಿ ಹೋಗುವಷ್ಟು ಆಳ ಇತ್ತು.

"ನೋಯಲ್ವಾ ಮಾವ?"

"ಇಲ್ವೇ ಇಲ್ಲ ಕಣಮ್ಮ. ಅದಕ್ಕೇ ಹೇಳೋದು, ಹುಣ್ಣಲ್ಲ, ಗೀರು."

ಹುಣ್ಣು ಅಂತ ಒಪ್ಪಿಕೊಂಡರೆ ಕೊಡ ಕೆಳಗಿಡಬೇಕು. ಕೀವು, ರಕ್ತ ಬರುವ ಮೈಯಲ್ಲಿ ದೇವರಿಗೆ ನೀರು ತರುವಂತಿಲ್ಲ. ಅದು ಅವರೇ ನಂಬಿದ್ದ ನೇಮ. ಆದ್ದರಿಂದ ಅದು ಗೀರಾಗಿಯೇ ಇರಬೇಕಿತ್ತು.

ನನ್ನ ಗಂಡ ಹಳೇಬೀಡಿನ ಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹಿಡಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೇಳಿದೆ. "ಅಪ್ಪನಿಗೆ ಯಾರು ಹೇಳೋದು, ನೀನು ಸುಮ್ನಿರು" ಅಂದರು. ಊರಿನ ಮಕ್ಕಳಿಗೆಲ್ಲ ಬೆತ್ತ ಹಿಡಿದು ಬುದ್ಧಿ ಹೇಳುವವರು ಅಪ್ಪನ ಎದುರು ಬೆಕ್ಕಿನ ಮರಿ. ಕೊನೆಗೆ ನಾನೇ, ನನಗೆ ಹೊಟ್ಟೆನೋವು, ಜೊತೆಗೆ ಬನ್ನಿ ಅಂತ ಸುಳ್ಳು ಹೇಳಿ ಮಾವನವರನ್ನು ಆಸ್ಪತ್ರೆಗೆ ಹೊರಡಿಸಿದೆ.

ಅಲ್ಲಿ ನನ್ನ ಹೊಟ್ಟೆಯ ಬದಲು ಅವರ ಕಾಲನ್ನು ತೋರಿಸಿದೆ. ಡಾಕ್ಟರು ಅವರ ಮೂತ್ರ ಪರೀಕ್ಷೆ ಮಾಡಿದರು. ಗಾಜಿನ ನಳಿಗೆಯಲ್ಲಿದ್ದ ನೀಲಿ ನೀರು ದೀಪದ ಉರಿಗೆ ಕುದಿಯುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ, ಬಹಳ ದಿನದ್ದು ಅಂದರು. ಆಮೇಲೆ ಮಾವನವರಿಗೆ ಆ ಕಡೆ ನೋಡಿ ಅಂತ ಹೇಳಿ ಪಾದಕ್ಕೆ ಗುಂಡುಸೂಜಿ ಚುಚ್ಚಿದರು. ಮಾವನವರು ಗೋಡೆ ನೋಡುತ್ತಲೇ ಇದ್ದರು. ಇನ್ನೊಂದು ಕಡೆ ಚುಚ್ಚಿದರು. ಆಗಲೂ ಅವರಿಗೆ ಗೊತ್ತಾಗಲಿಲ್ಲ.

"ನೋಡಿದ್ರಾ, ನಂಗೇನೂ ಆಗಿಲ್ಲ" ಅಂತ ಮಾವನವರು ಗೆದ್ದವರ ಹಾಗೆ ನಕ್ಕರು.

"ನೋವಾಗದೇ ಇರೋದೇ ನಿಮ್ಮ ಕಾಯಿಲೆ ಸ್ವಾಮಿ. ನೋವಾಗಿದ್ರೆ ನೀವು ಯಾವತ್ತೋ ಆ ಹಾವುಗೆ ಬಿಸಾಕಿರ್ತಿದ್ರಿ" ಅಂದರು ಡಾಕ್ಟರು.

ಅವರು ಮುಂದಿನದನ್ನೆಲ್ಲ ನನಗೆ ಹೇಳಿದರು, ಕೇಳಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ ಆದ್ದರಿಂದ. ಗಾಯಕ್ಕೆ ನೀರು ತಾಕಬಾರದು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಒರೆಸಿ, ಔಷಧಿಯ ಪುಡಿ ಉದುರಿಸಿ, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ದಿನಾ ಹೊಸ ಪಟ್ಟಿ ಕಟ್ಟಬೇಕು. ಬೆರಳುಗಳ ಸಂದಿಯಲ್ಲಿ ಹತ್ತಿ ಇಡಬೇಕು. ಬರಿಗಾಲು ಬೇಡ, ಹಾವುಗೆಯಂತೂ ಬೇಡವೇ ಬೇಡ, ಮೆತ್ತಗಿನ ಅಗಲವಾದ ಚಪ್ಪಲಿ ಹಾಕಬೇಕು. ಕಾಲು ಕಾಣದಂತೆ ಸಾಯುತ್ತದೆ, ಅದಕ್ಕೇ ನೀವು ಕಣ್ಣಿಟ್ಟಿರಬೇಕು ಎಂದರು. ಗುಳಿಗೆಯನ್ನೂ ಇಂಜೆಕ್ಷನ್ನನ್ನೂ ಅವರು ಕೊಟ್ಟರು. ಉಳಿದದ್ದು ಮನೆಯಲ್ಲಿ ನಡೆಯಬೇಕಿತ್ತು.

ಮನೆಯಲ್ಲಿ ಏನು ನಡೆಯಿತು ಅಂತ ನೆನೆದರೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಸಂಜೆ ಡಾಕ್ಟರು ಹೇಳಿಕೊಟ್ಟ ಹಾಗೆಯೇ ನಾನು ಪಟ್ಟಿ ಕಟ್ಟುವುದು. ಬೆಳಗಿನ ಜಾವ ಅವರು ಅದನ್ನು ಬಿಚ್ಚಿ ಬಚ್ಚಲ ಮೂಲೆಗೆ ಎಸೆಯುವುದು. ಯಾಕೆಂದರೆ ಆಸ್ಪತ್ರೆಯ ಬಟ್ಟೆ ಮೈಲಿಗೆ. ತಲೆಯಿಂದ ಪಾದದವರೆಗೆ ಕೊಡಗಟ್ಟಲೆ ನೀರು ಸುರಿದುಕೊಂಡು, ಬಿಚ್ಚಿದ ಹುಣ್ಣಿನಲ್ಲಿ ಹಾವುಗೆಯ ಗೂಟ ಸಿಕ್ಕಿಸಿಕೊಂಡು ಅವರು ಸೇವೆಗೆ ಹೊರಡುವುದು. ಅತ್ತೆ ಆ ಪಟ್ಟಿಯನ್ನು ತಣ್ಣೀರಿನಲ್ಲಿ ಜಾಲಿಸಿ, ಮಡಿ ಬಟ್ಟೆ ಒಣಗಿಸುವ ಗಳುವಿನ ಮೇಲೆ ಕೋಲಿನಿಂದ ಹರವಿ, "ಈಗ ಇದು ಮಡಿ ಆಯ್ತು, ಇದನ್ನೇ ಕಟ್ಟು" ಅಂತ ನನ್ನ ಕೈಗೆ ಕೊಡುವುದು. ಕೀವಿನ ಕಲೆ ಹಾಗೇ ಇರುತ್ತಿತ್ತು. ಕುದಿಸಬೇಕು ಅಂದರೆ, ಮಡಿ ಒಲೆಯ ಮೇಲೆ ಹುಣ್ಣಿನ ಬಟ್ಟೆ ಕುದಿಸುತ್ತೀಯಾ ಅನ್ನುತ್ತಿದ್ದರು. ನಾನು ಹಿತ್ತಲಲ್ಲಿ ಕಲ್ಲು ಹೂಡಿ, ತೆಂಗಿನ ಸೋಗೆ ಉರಿಸಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಕುದಿಸುತ್ತಿದ್ದೆ.

ಇದರ ಮೇಲೆ ಇನ್ನೊಂದು ಪಾಡು. ನಾನು ಪಟ್ಟಿ ಕಟ್ಟುವ ಸುದ್ದಿ ಬೀದಿಯಲ್ಲಿ ಹಬ್ಬಿ, ಅಕ್ಕಪಕ್ಕದ ಹೆಂಗಸರೆಲ್ಲ ಕಾಲು ತೋರಿಸಲು ಬರತೊಡಗಿದರು. ಹಿಮ್ಮಡಿ ಒಡೆದವರು, ಕಾಲಿಗೆ ಆಣಿಯಾದವರು, ಉಗುರುಸುತ್ತಾದವರು, ಮಳೆಗಾಲದ ಕೆಸರುಹುಣ್ಣಿನವರು. ಹರಳೆಣ್ಣೆಗೆ ಜೇನುಮೇಣ ಕರಗಿಸಿ ಹಿಮ್ಮಡಿಗೆ ಹಚ್ಚಿ, ಉಗುರನ್ನು ಮೂಲೆಗೆ ಕೊರೆಯದೆ ನೇರವಾಗಿ ಕತ್ತರಿಸಿ, ಬೆರಳ ಸಂದಿ ಒರೆಸಿಕೊಳ್ಳಿ ಅಂತ ಹೇಳಿ ಹೇಳಿ ಬಾಯಿ ಒಣಗಿತು. ಅವರೆಲ್ಲ ಕೇಳಿದರು, ವಾಸಿಯಾದರು, ವೀಳ್ಯದೆಲೆ ತೆಂಗಿನಕಾಯಿ ತಂದುಕೊಟ್ಟರು. ಯಾರ ಕಾಲಿಗಾಗಿ ನಾನು ಇಷ್ಟೆಲ್ಲ ಕಲಿತೆನೋ ಅವರೊಬ್ಬರು ಮಾತ್ರ ಕೇಳಲಿಲ್ಲ.

ಚಪ್ಪಲಿಯ ಜಗಳ ಆದದ್ದು ಆಗಲೇ. ಮಾವನವರು ಮಧ್ಯಾಹ್ನ ಮಲಗಿದ್ದಾಗ ಹಳೆಯ ಪೇಪರನ್ನು ಅವರ ಅಂಗಾಲಿಗೆ ಒತ್ತಿ ಹಿಡಿದು, ಪೆನ್ಸಿಲಿನಿಂದ ಸುತ್ತಲೂ ಗೀಟೆಳೆದುಕೊಂಡೆ. ಎರಡು ಕಾಲಿನದೂ. ಪೆನ್ಸಿಲು ತಾಕಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದವನಿಗೆ ಅದನ್ನು ಕೊಟ್ಟು, ಹೆಬ್ಬೆರಳಿಗೆ ಉಂಗುಟ ಬೇಡ, ಮೇಲೆ ಅಗಲವಾದ ಪಟ್ಟೆ ಇರಲಿ, ಒಳಗೆ ಕಂಬಳಿಯ ತುಂಡು ಹಾಕು ಅಂತ ಹೇಳಿ ಮಾಡಿಸಿ ತಂದೆ. ಚೆನ್ನಾಗಿಯೇ ಬಂದಿತ್ತು. ಅಂಗಳದಲ್ಲಿ ಇಟ್ಟು ಮಾವನವರನ್ನು ಕರೆದೆ. ಅವರು ಹೊಸಿಲು ದಾಟಲೇ ಇಲ್ಲ.

"ಚರ್ಮ ಮೆಟ್ಕೊಂಡು ದೇವರ ನೀರಿಗೆ ಹೋಗಲಾ ನಾನು? ಯಾರ ಮನೆಗೆ ಬಂದಿದೀಯ ಅಂತ ಗೊತ್ತಿದೆಯೇನಮ್ಮ?"

ನನಗೆ ಇದ್ದ ತಾಳ್ಮೆಯೆಲ್ಲ ಹೋಯಿತು. ಬೇಲೂರಿನ ದೇವರಿಗೇ ಚರ್ಮದ ಪಾದರಕ್ಷೆ ಇವೆ. ರಾತ್ರಿ ಬಾಬಾಬುಡನ್ ಗಿರಿಯ ಕಡೆ ದೇವಿಯನ್ನು ನೋಡಲು ಹೋಗಿ ಬರುತ್ತಾನೆ, ನಡೆದು ನಡೆದು ಅವು ಸವೆಯುತ್ತವೆ, ಆಗ ದೂರದೂರಿನ ಚಪ್ಪಲಿ ಹೊಲಿಯುವವರಿಗೆ ಕನಸು ಬಿದ್ದು ಹೊಸ ಜೋಡಿ ತಂದೊಪ್ಪಿಸುತ್ತಾರೆ ಅಂತ ಊರೆಲ್ಲ ನಂಬುತ್ತದೆ. ಬಂದವರು ಅದನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಮಾವನವರೂ ಮುಟ್ಟಿಸಿಕೊಳ್ಳುತ್ತಿದ್ದರು.

"ದೇವರೇ ಚರ್ಮದ್ದು ಹಾಕ್ಕೊಂಡು ಓಡಾಡ್ತಾನಲ್ಲ ಮಾವ. ಅವನಿಗಿಲ್ಲದ ಮಡಿ ನಿಮಗ್ಯಾಕೆ?" ಅಂದೆ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವನವರು ನನ್ನ ಮುಖ ನೋಡದೆ, ಆ ವಸ್ತುವನ್ನು ಕಣ್ಣೆದುರಿಂದ ತೆಗೆಸು ಅಂತ ಅತ್ತೆಗೆ ಹೇಳಿ ಒಳಗೆ ಹೋದರು. ಚಪ್ಪಲಿ ಕೊಟ್ಟಿಗೆಯ ಅಟ್ಟ ಸೇರಿತು.

ಮಡಿಯವರನ್ನು ಮಡಿಯಿಂದಲೇ ಗೆಲ್ಲಬೇಕು ಅಂತ ನನಗೆ ಹೊಳೆದದ್ದು ಆಮೇಲೆ. ಪೆಟ್ಟಿಗೆಯಲ್ಲಿ ಮಾವನವರ ಹಳೆಯ ಮಗುಟ ಇತ್ತು. ಪೂಜೆಗೆ ಉಡುವ ರೇಷ್ಮೆಯ ಪಂಚೆ. ಹತ್ತಿಯ ಬಟ್ಟೆಯಾದರೆ ದಿನಾ ಒಗೆದು ಒಣಗಿಸಬೇಕು, ರೇಷ್ಮೆಗೆ ಹಾಗಿಲ್ಲ, ಅದು ಸುಲಭಕ್ಕೆ ಮೈಲಿಗೆಯಾಗುವುದಿಲ್ಲ ಅನ್ನುವುದು ಆ ಮನೆಯವರೇ ನನಗೆ ಕಲಿಸಿದ ಪಾಠ. ಅಂಚು ಹರಿದಿದ್ದ ಆ ಮಗುಟವನ್ನು ಕೇಳಿ ತೆಗೆದುಕೊಂಡು ಉದ್ದುದ್ದ ಹರಿದೆ. ಒಳಗೆ ಆಸ್ಪತ್ರೆಯ ಬಟ್ಟೆ, ಹೊರಗೆ ರೇಷ್ಮೆಯ ಪಟ್ಟಿ.

"ಇದು ರೇಷ್ಮೆ ಮಾವ. ಇದಕ್ಕೆ ಮೈಲಿಗೆ ಇಲ್ಲ. ಬೆಳಿಗ್ಗೆ ಬಿಚ್ಚೋದು ಬೇಡ" ಅಂದೆ.

ಅವರು ಪಟ್ಟಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಸರಿ ಅಂದರು. ಸ್ನಾನಕ್ಕೆ ಕೂತಾಗ ಆ ಕಾಲನ್ನು ಮಣೆಯ ಮೇಲೆ ಆಚೆ ಚಾಚಿಕೊಂಡರು. ಸೊಂಟ ಹಿಡಿದಿದೆ ಅಂತ ಹೇಳಿ ಕೊಡವನ್ನು ತಮ್ಮನ ಮಗನಿಗೆ ಕೊಟ್ಟು ಮನೆಯಲ್ಲಿ ಕೂತರು. ದಿನಾ ಸಂಜೆ ನಾನು ಬಿಚ್ಚಿ, ಒರೆಸಿ, ಹೊಸದು ಕಟ್ಟುತ್ತಿದ್ದೆ. ವಾಸನೆ ಹೋಯಿತು. ಗುಳಿಯ ತಳದಲ್ಲಿ ದಾಳಿಂಬೆ ಕಾಳಿನ ಬಣ್ಣದ ಹೊಸ ಮಾಂಸ ಕಾಣಿಸಿತು. ಅದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಡಾಕ್ಟರೂ ತಲೆಯಾಡಿಸಿ, "ಕಾಲು ಉಳಿಯುತ್ತೆ, ಹೀಗೇ ನಡೆಸಿ" ಅಂದರು.

ಅದೇ ಹೊತ್ತಿಗೆ ಅರಸೀಕೆರೆಯಲ್ಲಿ ನನ್ನ ತಂಗಿಗೆ ಹೆರಿಗೆ. ಅಮ್ಮನೊಬ್ಬಳಿಗೆ ಕೈ ಸಾಲದು ಅಂತ ಹೇಳಿಕಳಿಸಿದರು. ಹೋಗುವ ಮುಂಚೆ ಕುದಿಸಿದ ಬಟ್ಟೆಗಳನ್ನು ಡಬ್ಬಿಯಲ್ಲಿ ತುಂಬಿಟ್ಟು, ಅತ್ತೆಯ ಕೈಯಲ್ಲೇ ಒಂದು ಸಲ ಪಟ್ಟಿ ಕಟ್ಟಿಸಿ ನೋಡಿ, ದಿನಾ ಬದಲಾಯಿಸಬೇಕು ಅಂತ ಒತ್ತಿ ಒತ್ತಿ ಹೇಳಿದೆ. "ಆಯ್ತಮ್ಮ, ನಂಗೇನು ತಿಳಿಯಲ್ವೇ" ಅಂದರು. ತವರಿನಲ್ಲಿ ತಂಗಿಯ ಮಗುವಿಗೆ ನೀರೆರೆಯುತ್ತಿದ್ದಾಗಲೂ ನನಗೆ ಆ ಕಾಲಿನದೇ ಯೋಚನೆ.

ಹಿಂದಿರುಗಿ ಬಂದ ದಿನ ಹೊಸಿಲಿನಲ್ಲೇ ಸಾಂಬ್ರಾಣಿಯ ಹೊಗೆ ಎದುರಾಯಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮನೆ ತುಂಬ ಸಾಂಬ್ರಾಣಿ. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಚೀಲವನ್ನು ಅಲ್ಲೇ ಬಿಟ್ಟು ಬಚ್ಚಲ ಕಡೆ ಓಡಿದೆ. ಮಾವನವರು ಆಗ ತಾನೇ ಸೇವೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಸೇವೆ ಮುಗಿಸಿ! ಕಾಲಿನಲ್ಲಿ ನಾನು ಹೋಗುವಾಗ ಕಟ್ಟಿಸಿದ ಅದೇ ರೇಷ್ಮೆಯ ಪಟ್ಟಿ, ಒದ್ದೆಯಾಗಿ, ಕಪ್ಪಾಗಿ, ಅಂಟಿಕೊಂಡು ಕೂತಿತ್ತು. ಡಬ್ಬಿಯ ಬಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ.

"ಯಾಕತ್ತೆ ಬದಲಾಯಿಸ್ಲಿಲ್ಲ?" ಅಂತ ಕೂಗಿದೆ.

"ರೇಷ್ಮೆ ಅಲ್ವೇನೆ? ಮೈಲಿಗೆ ಆಗಲ್ಲ, ಬಿಚ್ಚೋದು ಬೇಡ ಅಂತ ನೀನೇ ಹೇಳಿದ್ಯಲ್ಲ. ಡಬ್ಬಿದು ಹತ್ತಿ ಬಟ್ಟೆ. ಮಡಿ ಪಟ್ಟಿ ಇರುವಾಗ ಅದನ್ಯಾಕೆ ಮುಟ್ಟಲಿ?"

ಮಾವನವರದ್ದೂ ಅದೇ ವಾದ. ಮಡಿಯ ಪಟ್ಟಿಯೇ ಕಾಲಿಗಿದೆ, ಕೀವು ಹೊರಗೆ ಕಾಣುವುದಿಲ್ಲ, ಇನ್ನು ನೀರು ತರಲು ಅಡ್ಡಿಯೇನು ಅಂತ ಕೊಡವನ್ನು ತಮ್ಮನ ಮಗನಿಂದ ವಾಪಸು ಪಡೆದಿದ್ದರು. ದಿನಾ ಬಿಚ್ಚು ಅಂತಲೂ ನಾನು ಹೇಳಿದ್ದೆ. ಅದು ಯಾರ ಕಿವಿಗೂ ಹೋಗಿರಲಿಲ್ಲ. ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡಿದ್ದರು. ಅಂದು ನಾನು ಸೊಸೆ ಅನ್ನುವುದನ್ನು ಮರೆತು ಇಬ್ಬರನ್ನೂ ಬಾಯಿಗೆ ಬಂದಂತೆ ಅಂದೆ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ ಬಿಚ್ಚುವಾಗ ಹೆಬ್ಬೆರಳಿನ ಚರ್ಮವೂ ಅದರೊಂದಿಗೆ ಬಂತು. ಮಾವನವರು ಆಗಲೂ ನೋವಿಲ್ಲ ಅಂದರು. ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ಹಾಸನಕ್ಕೆ ಕರೆದುಕೊಂಡು ಹೋದೆವು. ನನ್ನ ಗಂಡ ಕೊನೆಗೂ ರಜೆ ಹಾಕಿದರು. ಕಪ್ಪು ಪಾದದ ಮೇಲೆ ಹತ್ತಿಬಿಟ್ಟಿದೆ, ಬೆರಳು ತೆಗೆದರೆ ಸಾಲದು ಅಂದರು ಅಲ್ಲಿಯ ಡಾಕ್ಟರು. ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದಾಗ ಮಾವನವರು ಹೊದಿಕೆಯ ಮೇಲೆ ಕೈಯಾಡಿಸಿ, ಅಲ್ಲಿ ಏನೂ ಇಲ್ಲವೆಂದು ತಿಳಿದು, ಮಗನ ಕಡೆ ತಿರುಗಿದರು.

"ನಾಳೆ ನೀರು ಯಾರು ತರ್ತಾರೋ?"

ನನ್ನ ಗಂಡ ಕಿಟಕಿಯ ಕಡೆ ಹೋಗಿ ನಿಂತರು. ನನಗೆ ಅಯ್ಯೋ ಅನಿಸಿತು, ಜೊತೆಗೇ ಕೆನ್ನೆಗೆ ಬಾರಿಸುವಷ್ಟು ಕೋಪವೂ ಬಂತು.

ಮನೆಗೆ ಬಂದ ಕೆಲವು ವಾರಕ್ಕೆ, ಊರುಗೋಲು ಹಿಡಿದು ಜಗಲಿಯವರೆಗೆ ಬರುವಂತಾದಾಗ, ಒಂದು ಬೆಳಿಗ್ಗೆ ಅವರೇ ಕರೆದರು. "ಆ ಅಟ್ಟದ ಮೇಲಿನ ಚಪ್ಪಲಿ ತಗೊಂಡು ಬಾಮ್ಮ." ತಂದೆ. ಎಡಗಾಲಿಗೆ ಹಾಕಿದೆ. ಅಳತೆ ಸರಿಯಾಗಿತ್ತು. ಅಂದಿನಿಂದ ಆ ಒಂದು ಚಪ್ಪಲಿ ಅವರ ಕಾಲು ಬಿಟ್ಟು ಇಳಿದದ್ದು ಸ್ನಾನಕ್ಕೆ, ನಿದ್ದೆಗೆ, ಊಟಕ್ಕೆ ಮಾತ್ರ. ನೋಡಲು ಬಂದವರು ಹುಬ್ಬೇರಿಸಿದರೆ, "ದೇವರೇ ಹಾಕ್ಕೋತಾನಲ್ಲ ಸ್ವಾಮಿ, ಅವನಿಗಿಲ್ಲದ ಮಡಿ ನಮಗ್ಯಾಕೆ?" ಅನ್ನುತ್ತಿದ್ದರು. ನನ್ನದೇ ಮಾತು, ಅಕ್ಷರ ಬಿಡದೆ. ತಾವೇ ಬಹಳ ಯೋಚಿಸಿ ಕಂಡುಕೊಂಡವರ ಧಾಟಿಯಲ್ಲಿ ಹೇಳುವರು. ಬಂದವರು, ಎಷ್ಟು ಚೆನ್ನಾಗಿ ಹೇಳಿದ್ರಿ ಅನ್ನುವರು. ಅಡಿಗೆಮನೆಯಲ್ಲಿ ನಾನು ಪಾತ್ರೆ ಕುಕ್ಕುತ್ತಿದ್ದೆ.

ಒಮ್ಮೆ ನನ್ನ ಗಂಡ ಹಳೇಬೀಡಿನಿಂದ ಒಬ್ಬ ತೆಂಗಿನಕಾಯಿ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ಅವರ ಮೊಮ್ಮಗ ಇವರ ಶಿಷ್ಯ. ಅವರಿಗೂ ಸಕ್ಕರೆ ಕಾಯಿಲೆ, ಅವರಿಗೂ ಅಂಗಾಲಿನಲ್ಲಿ ಗಾಯ. ಬರಿಗಾಲಲ್ಲೇ ಬಂದಿದ್ದರು.

"ದೊಡ್ಡದೇನಲ್ಲ ಬುಡಿ ಸ್ವಾಮಿ, ಒಂದು ಗೀರೈತೆ. ಮಾಲೇಕಲ್ಲು ಬೆಟ್ಟಾನ ಬರಿಗಾಲಲ್ಲಿ ಹತ್ತೋ ಹರಕೆ ಐತೆ. ಅದು ತೀರೋಗಂಟ ಚಪ್ಲಿ ಮೆಟ್ಟಂಗಿಲ್ಲ. ಅದೊಂದು ಮುಗಿಸ್ಕಂಡು ಆಸ್ಪತ್ರೆಗೆ ಹೋಯ್ತೀನಿ."

ಗೀರು ಅನ್ನುವ ಮಾತು ಕೇಳಿ ನಾನು ಬಾಗಿಲಿಗೆ ಬಂದೆ. ಮಾವನವರು ಆ ಹಳೆಯ ವಾದವನ್ನು ಎತ್ತಲಿಲ್ಲ. ದೇವರ ಸುದ್ದಿಯನ್ನೇ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ಇನ್ನೊಂದನ್ನೂ ತಗೊಂಡು ಬಾಮ್ಮ" ಅಂದರು.

ಕೊಟ್ಟಿಗೆಯ ಅಟ್ಟದಿಂದ ಬಲಗಾಲಿನ ಚಪ್ಪಲಿಯನ್ನು ಇಳಿಸಿ ತಂದುಕೊಟ್ಟೆ. ವ್ಯಾಪಾರಿ ಅದನ್ನು ತಿರುಗಿಸಿ ನೋಡಿದರು. ಅಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗಿನ ಕಂಬಳಿಯ ತುಂಡು ಹಾಗೇ ಉಬ್ಬಿಕೊಂಡಿತ್ತು.

"ಇದು ಹೊಸದಾಗೇ ಐತಲ್ಲ ಸ್ವಾಮಿ. ಕಾಲು ತೆಗೆದಮ್ಯಾಕೆ ಮಾಡ್ಸಿದ್ರಾ? ಎರಡು ಯಾಕೆ ಮಾಡ್ಸಿದ್ರಿ?"

ಮಾವನವರು ಮಡಚಿ ಸಿಕ್ಕಿಸಿದ್ದ ಪಂಚೆಯ ಅಂಚನ್ನು, ಕಾಲು ನಿಂತುಹೋಗಿದ್ದ ಜಾಗದಲ್ಲಿ, ಸರಿಮಾಡಿಕೊಂಡರು.

"ಮೊದಲೇ ಮಾಡ್ಸಿದ್ದು. ಎರಡೂ ಕಾಲಿದ್ದಾಗ ನಮ್ಮ ಸೊಸೆ ತಂದಳು. ನಾನು ಹಾಕ್ಕೊಳ್ಳಲಿಲ್ಲ."

ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆನೋ. ಬಂದಾಗ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ಚಿಕ್ಕ ಮಾತನ್ನು ಆಡುವುದಕ್ಕೆ ಒಂದು ಕಾಲು ಹೋಗಬೇಕಾಯಿತಲ್ಲ ಅನಿಸಿತು. ವ್ಯಾಪಾರಿ ಚಪ್ಪಲಿಯನ್ನು ಕೆಳಗಿಟ್ಟು, ಬೆಟ್ಟ ಹತ್ತುವ ದಿನವನ್ನು ನನ್ನ ಗಂಡನೊಂದಿಗೆ ಲೆಕ್ಕ ಹಾಕತೊಡಗಿದರು. ನಾನು ಒಳಗೆ ಹೋಗಿ ಕುಂಕುಮದ ಪೆಟ್ಟಿಗೆಯ ಕನ್ನಡಿ ತಂದೆ.

"ಕಾಲು ತೋರ್ಸಿ" ಅಂದೆ.

"ಬ್ಯಾಡ ಬುಡವ್ವ, ಗೀರು ಅಷ್ಟೆ" ಅಂತ ಅವರು ಪಾದವನ್ನು ಪಂಚೆಯೊಳಕ್ಕೆ ಎಳೆದುಕೊಂಡರು.